ಒರಾಕಲ್ ಆಗಿ ಬಾಳಿದ 22 ವರ್ಷಗಳನ್ನು ಬಾರ್ಬರಾ ಗಾರ್ಡನ್‌ಳಿಂದ ಕಿತ್ತುಕೊಂಡದ್ದು ಸರಿಯೇ?

ಗಡಿಯಾರಗೋಪುರ (ಪ್ರಶ್ನೆ)

ಮಾನ್ಯ ಓದುಗರೇ,

ಬ್ಯಾಟ್‌ಮ್ಯಾನ್‌ನ ಲೋಕಕ್ಕೆ ನಾನು ಕಾಲಿಟ್ಟದ್ದು ಬ್ಯಾಟ್‌ಮ್ಯಾನ್‌ನಿಗಾಗಿ ಅಲ್ಲ, ಬಾರ್ಬರಾ ಗಾರ್ಡನ್‌ಗಾಗಿ. ಬ್ಯಾಟ್‌ಮ್ಯಾನ್ ಕಾಮಿಕ್ಸ್‌ನ ಈ ನಾಯಕಿ ಮೊದಲು ಬ್ಯಾಟ್‌ಗರ್ಲ್ ಎಂಬ ಹೆಸರಿನಲ್ಲಿ ಮುಸುಕು ತೊಟ್ಟು ಹೋರಾಡಿದವಳು, ಆಮೇಲೆ ಗಾಲಿಕುರ್ಚಿಯಲ್ಲಿ ಕುಳಿತು ಒರಾಕಲ್ ಎಂಬ ಹೆಸರಿನಲ್ಲಿ ಕಂಪ್ಯೂಟರ್ ಮೂಲಕ ಇತರ ನಾಯಕರಿಗೆ ಮಾಹಿತಿ ಒದಗಿಸಿದವಳು. ನಾನು ವೃತ್ತಿಯಿಂದ ಗ್ರಂಥಪಾಲಕಿ. ಬಂದವರು ಕೇಳಿದ್ದನ್ನು ಹುಡುಕಿಕೊಡುವುದು, ಚದುರಿದ ಮಾಹಿತಿಯನ್ನು ಒಂದು ಕ್ರಮಕ್ಕೆ ತರುವುದು, ಯಾವುದು ಎಲ್ಲಿದೆ ಎಂದು ನೆನಪಿಟ್ಟುಕೊಳ್ಳುವುದು ನನ್ನ ನಿತ್ಯದ ಕೆಲಸ. ಇದೇ ಕೆಲಸ ಬಲ್ಲ ಹೆಣ್ಣೊಬ್ಬಳು, ಈ ಕೆಲಸದ ಬಲದಿಂದಲೇ, ಆಕಾಶದಲ್ಲಿ ಹಾರಬಲ್ಲವರೂ ಬೆಟ್ಟ ಎತ್ತಬಲ್ಲವರೂ ತುಂಬಿರುವ ಜಗತ್ತಿನಲ್ಲಿ ಎಲ್ಲರಿಗೂ ಬೇಕಾದವಳಾಗುವ ಕಥೆಯನ್ನು ಮೊದಲ ಬಾರಿ ಓದಿದಾಗ, ಯಾರೋ ನನ್ನ ಮೇಜಿನ ಎದುರು ಕುಳಿತು ನೋಡಿಕೊಂಡು ಬರೆದಿದ್ದಾರೆ ಎನಿಸಿತ್ತು. ಆ ಕಥೆ 2011ರಲ್ಲಿ ನಿಂತುಹೋಯಿತು. ಅಂದಿನಿಂದ ಬ್ಯಾಟ್‌ಗರ್ಲ್ ಹೆಸರಿನ ಒಂದು ಸಂಚಿಕೆಯನ್ನೂ ನಾನು ಕೊಂಡಿಲ್ಲ. ಇಷ್ಟು ವರ್ಷ ಕಳೆದರೂ ಆರದ ಈ ಬೇಸರ ನ್ಯಾಯವಾದದ್ದೇ, ಅಥವಾ ಹಳೆಯದಕ್ಕೆ ಅಂಟಿಕೊಂಡವಳ ಹಟ ಮಾತ್ರವೇ ಎಂದು ತಿಳಿದವರನ್ನು ಕೇಳಬೇಕೆನಿಸಿ ಇಲ್ಲಿ ಬರೆಯುತ್ತಿದ್ದೇನೆ.

ಈ ಪಾತ್ರದ ಇತಿಹಾಸ ಬಲ್ಲವರು ಕ್ಷಮಿಸಬೇಕು. ನನ್ನ ಬೇಸರ ಎಲ್ಲಿಂದ ಹುಟ್ಟಿತೆಂದು ತಿಳಿಸಲು ಅದನ್ನು ಸ್ವಲ್ಪ ಹೇಳಲೇಬೇಕಾಗಿದೆ. ಬಾರ್ಬರಾ ಮೊದಲು ಕಾಣಿಸಿಕೊಂಡದ್ದು 1967ರ ಜನವರಿಯ ‘ಡಿಟೆಕ್ಟಿವ್ ಕಾಮಿಕ್ಸ್’ 359ನೆಯ ಸಂಚಿಕೆಯಲ್ಲಿ. ಗಾರ್ಡ್ನರ್ ಫಾಕ್ಸ್ ಬರೆದು ಕಾರ್ಮೈನ್ ಇನ್ಫಾಂಟಿನೊ ಚಿತ್ರಿಸಿದ ಆ ಕಥೆಯಲ್ಲಿ ಅವಳು ಪೊಲೀಸ್ ಕಮಿಷನರ್ ಗಾರ್ಡನ್ನರ ಮಗಳು, ಡಾಕ್ಟರೇಟ್ ಪಡೆದ ಗ್ರಂಥಪಾಲಕಿ. ವೇಷಭೂಷಣದ ಕೂಟವೊಂದಕ್ಕೆ ತಾನೇ ಸಿದ್ಧಪಡಿಸಿದ ಉಡುಪಿನಲ್ಲಿ ಹೊರಟವಳು, ದಾರಿಯಲ್ಲಿ ಅಪಾಯಕ್ಕೆ ಸಿಲುಕಿದ್ದ ಬ್ರೂಸ್ ವೇನ್‌ನನ್ನು (ಬ್ಯಾಟ್‌ಮ್ಯಾನ್‌ನ ನಿಜವಾದ ಹೆಸರು ಅದೇ) ಕಾಪಾಡಲು ನುಗ್ಗಿ ಬ್ಯಾಟ್‌ಗರ್ಲ್ ಆಗುತ್ತಾಳೆ. ಇಪ್ಪತ್ತೊಂದು ವರ್ಷಗಳ ನಂತರ, 1988ರಲ್ಲಿ, ಅಲನ್ ಮೂರ್ ಬರೆದು ಬ್ರಯಾನ್ ಬೊಲ್ಯಾಂಡ್ ಚಿತ್ರಿಸಿದ ‘ದ ಕಿಲ್ಲಿಂಗ್ ಜೋಕ್’ ಬಂತು. ಬಾಗಿಲು ತೆರೆದ ಬಾರ್ಬರಾಳ ಮೇಲೆ ಬ್ಯಾಟ್‌ಮ್ಯಾನ್‌ನ ವೈರಿ ಜೋಕರ್ ಗುಂಡು ಹಾರಿಸುತ್ತಾನೆ, ಅದು ಅವಳ ಬೆನ್ನುಹುರಿಯನ್ನು ಹಾಳುಮಾಡುತ್ತದೆ. ಆಗ ಅವಳು ಬ್ಯಾಟ್‌ಗರ್ಲ್ ಉಡುಪಿನಲ್ಲಿ ಇರಲೂ ಇಲ್ಲ. ಜೋಕರ್‌ಗೆ ಬೇಕಾಗಿದ್ದವನು ಅವಳ ತಂದೆ. ಆತನ ಬುದ್ಧಿ ಕೆಡಿಸುವುದಕ್ಕೆ ಮಗಳು ಒಂದು ಸಲಕರಣೆಯಾದಳು. ಮುಂದಿನ ಕಥೆಯೆಲ್ಲ ಬ್ಯಾಟ್‌ಮ್ಯಾನ್, ಜೋಕರ್, ಕಮಿಷನರ್ ಈ ಮೂವರದ್ದು. ಆಸ್ಪತ್ರೆಯ ಹಾಸಿಗೆಯ ಮೇಲೆ ಒಮ್ಮೆ ಕಾಣಿಸುವುದನ್ನು ಬಿಟ್ಟರೆ, ಬಾರ್ಬರಾ ಏನಾದಳು ಎಂದು ಆ ಪುಸ್ತಕ ಕೇಳುವುದೇ ಇಲ್ಲ.

ಕೇಳಿದವರು ಕಿಮ್ ಯೇಲ್ ಮತ್ತು ಜಾನ್ ಆಸ್ಟ್ರಾಂಡರ್ ದಂಪತಿ. 1989ರ ಆರಂಭದಲ್ಲಿ ಬಂದ ‘ಸೂಯಿಸೈಡ್ ಸ್ಕ್ವಾಡ್’ 23ನೆಯ ಸಂಚಿಕೆಯಲ್ಲಿ ಒರಾಕಲ್ ಎಂಬ ಹೆಸರಿನ ಅಪರಿಚಿತ ವ್ಯಕ್ತಿಯೊಬ್ಬರು ಕಂಪ್ಯೂಟರ್ ಮೂಲಕ ನೆರವು ನೀಡಲು ಮುಂದೆ ಬರುತ್ತಾರೆ. ಆ ವ್ಯಕ್ತಿ ಬಾರ್ಬರಾ ಎಂಬ ಸಂಗತಿ 1990ರಲ್ಲಿ, 38ನೆಯ ಸಂಚಿಕೆಯಲ್ಲಿ ಬಯಲಾಗುತ್ತದೆ. ಇನ್ನೊಬ್ಬರ ಕಥೆಗಾಗಿ ಬಲಿಯಾಗಿ ಮೂಲೆ ಸೇರಿದ್ದ ಪಾತ್ರವನ್ನು ಎತ್ತಿ ನಿಲ್ಲಿಸಿ, ‘ಇನ್ನು ಇವಳ ಕಥೆ ಇವಳದ್ದು’ ಎಂದು ಹೇಳಿದ ಕೆಲಸ ಅದು. ಸೂಪರ್‌ಹೀರೋ ಕಥೆಗಳಲ್ಲಿ ಅಷ್ಟು ಘನತೆಯ ಕೆಲಸ ನನಗೆ ಹೆಚ್ಚು ಕಂಡಿಲ್ಲ. ಅದೇ ದಂಪತಿ 1996ರಲ್ಲಿ ‘ದ ಬ್ಯಾಟ್‌ಮ್ಯಾನ್ ಕ್ರಾನಿಕಲ್ಸ್’ 5ನೆಯ ಸಂಚಿಕೆಗೆ ಬರೆದ ಕಥೆಯಲ್ಲಿ, ಗಾಲಿಕುರ್ಚಿಯಲ್ಲಿ ಕುಳಿತೇ ಎರಡು ಕೋಲುಗಳಿಂದ ಹೋರಾಡುವುದನ್ನು ಬಾರ್ಬರಾ ಕಲಿಯುತ್ತಾಳೆ. ನಡೆಯಲಾರದವಳು ನಡೆಯಲು ಹಂಬಲಿಸುವ ಕಥೆಯಲ್ಲ ಅದು, ಇರುವ ದೇಹದಲ್ಲಿ ಬಾಳುವುದನ್ನು ಕಲಿಯುವ ಕಥೆ.

ಆಮೇಲೆ ಬಂದದ್ದು ‘ಬರ್ಡ್ಸ್ ಆಫ್ ಪ್ರೇ’. 1996ರಲ್ಲಿ ಚಕ್ ಡಿಕ್ಸನ್ ಬರೆದ ಒಂದೇ ಪುಸ್ತಕವಾಗಿ ಆರಂಭವಾಗಿ, 1999ರಿಂದ ಮಾಸಿಕ ಸರಣಿಯಾಗಿ, 2003ರಿಂದ ಗೇಲ್ ಸಿಮೋನ್ ಅವರ ಲೇಖನಿಯಲ್ಲಿ ಬೆಳೆದ ಆ ಸರಣಿಯನ್ನು ನಾನು ಎಷ್ಟು ಸಲ ಓದಿದ್ದೇನೆಂದು ಲೆಕ್ಕವಿಟ್ಟಿಲ್ಲ. ಅವಳ ಪರವಾಗಿ ಹೊರಗೆ ಹೋರಾಡುವ, ಬ್ಲ್ಯಾಕ್ ಕ್ಯಾನರಿ ಎಂಬ ಹೆಸರಿನ ನಾಯಕಿ ಡೈನಾ ಲ್ಯಾನ್ಸ್‌ಗೆ ಒರಾಕಲ್ ಬಹುಕಾಲ ಕಿವಿಯಲ್ಲಿ ಕೇಳುವ ಒಂದು ದನಿ ಮಾತ್ರ. ಮುಖ ಕಾಣದೆಯೇ ಇಬ್ಬರು ಹೆಂಗಸರ ನಡುವೆ ನಂಬಿಕೆ ಬೆಳೆದು, 21ನೆಯ ಸಂಚಿಕೆಯಲ್ಲಿ ಅವರು ಎದುರುಬದುರಾದಾಗ ನನ್ನ ಕಣ್ಣು ತುಂಬಿತ್ತು. ಗಾಥಮ್‌ನ ಗಡಿಯಾರದ ಗೋಪುರದಲ್ಲಿ ಕುಳಿತ ಆ ಹೆಣ್ಣು ಸೂಪರ್‌ಹೀರೋಗಳ ದೊಡ್ಡ ತಂಡವಾದ ಜಸ್ಟಿಸ್ ಲೀಗ್‌ಗೂ ಬೇಕಾದವಳಾದಳು. ಬ್ಯಾಟ್‌ಮ್ಯಾನ್ ಕೂಡ ತನಗೆ ಗೊತ್ತಿಲ್ಲದ್ದನ್ನು ಅವಳನ್ನೇ ಕೇಳುತ್ತಿದ್ದ.

2011ರ ಸೆಪ್ಟೆಂಬರ್ ಹೊತ್ತಿಗೆ ಪ್ರಕಾಶಕರು ತಮ್ಮ ಇಡೀ ಕಥಾಜಗತ್ತನ್ನು ಹೊಸದಾಗಿ ಆರಂಭಿಸಿ, 52 ಸರಣಿಗಳನ್ನು ಒಂದನೆಯ ಸಂಚಿಕೆಯಿಂದ ಹೊರತಂದರು. ಅವುಗಳಲ್ಲಿ ಒಂದು ‘ಬ್ಯಾಟ್‌ಗರ್ಲ್’. ಅದರ ಮುಖಪುಟದಲ್ಲಿ ಮತ್ತೆ ಬ್ಯಾಟ್‌ಗರ್ಲ್ ಉಡುಪು ತೊಟ್ಟ ಬಾರ್ಬರಾ ಕಾಣಿಸಿಕೊಂಡಳು. ಜೋಕರ್‌ನ ಗುಂಡಿನ ಘಟನೆ ಕಥೆಯಲ್ಲಿ ಹಾಗೆಯೇ ಉಳಿದಿತ್ತು. ಆದರೆ ಅವಳು ಗಾಲಿಕುರ್ಚಿಯಲ್ಲಿ ಇದ್ದದ್ದು ಕೇವಲ ಮೂರು ವರ್ಷ ಎಂದಾಯಿತು, ಚಿಕಿತ್ಸೆಯಿಂದ ಅವಳು ಎದ್ದು ನಡೆದಳು.

ನನ್ನ ನೋವು ಇಲ್ಲಿದೆ. ಬಾರ್ಬರಾ ಬ್ಯಾಟ್‌ಗರ್ಲ್ ಆಗಿದ್ದದ್ದು 1967ರಿಂದ 1988ರವರೆಗೆ, ಅಂದರೆ 21 ವರ್ಷ. ಒರಾಕಲ್ ಆಗಿದ್ದದ್ದು 1989ರಿಂದ 2011ರವರೆಗೆ, ಅಂದರೆ 22 ವರ್ಷ. ಹಾಗಿದ್ದರೂ ಬ್ಯಾಟ್‌ಗರ್ಲ್ ಅವಳ ನಿಜರೂಪವೆಂದೂ ಒರಾಕಲ್ ನಡುವೆ ಬಂದುಹೋದ ಒಂದು ಕಾಯಿಲೆಯೆಂದೂ ತೀರ್ಮಾನಿಸಿದಂತಾಯಿತು. ಅವಳಿಗೆ ನೋವು ಕೊಟ್ಟ ಘಟನೆಯನ್ನು ಉಳಿಸಿಕೊಂಡು, ಆ ನೋವಿನ ಮೇಲೆ ಅವಳು ತಾನಾಗಿ ಕಟ್ಟಿಕೊಂಡ ಬಾಳನ್ನು ಅಳಿಸಿದರು. ಗುಂಡನ್ನೇ ಅಳಿಸಿದ್ದರೆ ನನಗೆ ಇಷ್ಟು ಬೇಸರವಾಗುತ್ತಿರಲಿಲ್ಲವೇನೋ.

ತಿಳಿದವರು ಹೇಳಿ, ನಾನು ಅವಸರದಲ್ಲಿ ಪುಸ್ತಕ ಮುಚ್ಚಿಬಿಟ್ಟೆನೇ? ಆಮೇಲಿನ ವರ್ಷಗಳಲ್ಲಿ ಒರಾಕಲ್ ನಿಜವಾಗಿ ಮರಳಿ ಬಂದಳೇ, ಅಥವಾ ಹೆಸರು ಮಾತ್ರ ಮರಳಿತೇ?

ಹಳೆಯಸಂಚಿಕೆ (ಉತ್ತರ)

ನಿಮ್ಮ ಪತ್ರವನ್ನು ಎರಡು ಬಾರಿ ಓದಿದೆ. ನಿಮ್ಮ ಲೆಕ್ಕ ಸರಿಯಾಗಿದೆ, ಬೇಸರವೂ ನ್ಯಾಯವಾದದ್ದೇ. ಆದರೂ ಬಾರ್ಬರಾ ಮತ್ತೆ ನಡೆಯಲಿ ಎಂದು ಬಯಸಿದವರೆಲ್ಲ ಒರಾಕಲ್‌ಳನ್ನು ಕೀಳಾಗಿ ಕಂಡವರಲ್ಲ ಎಂಬುದನ್ನು ಹೇಳಲೇಬೇಕು, ಏಕೆಂದರೆ ನಾನು ಹಾಗೆ ಬಯಸಿದವರಲ್ಲಿ ಒಬ್ಬನಾಗಿದ್ದೆ.

ನನ್ನ ವಾದ ಹೀಗಿತ್ತು. 1993ರಲ್ಲಿ ‘ಬ್ಯಾಟ್‌ಮ್ಯಾನ್’ 497ನೆಯ ಸಂಚಿಕೆಯಲ್ಲಿ ಬೇನ್ ಎಂಬ ಖಳನಾಯಕ ಬ್ರೂಸ್ ವೇನ್‌ನ ಬೆನ್ನು ಮುರಿದ. ಒಂದು ವರ್ಷ ತುಂಬುವ ಹೊತ್ತಿಗೆ, ಅಸಾಧಾರಣ ಶಕ್ತಿಯಿದ್ದ ವೈದ್ಯೆಯೊಬ್ಬಳ ನೆರವಿನಿಂದ, ಬ್ರೂಸ್ ಎದ್ದು ನಿಂತು ತನ್ನ ಮುಸುಕನ್ನು ಮರಳಿ ಪಡೆದ. ಅದೇ ನಗರದಲ್ಲಿ, ಅದೇ ಬಳಗದಲ್ಲಿ, ಬೆನ್ನಿಗೆ ಪೆಟ್ಟು ತಿಂದ ಇನ್ನೊಬ್ಬಳು ಕುರ್ಚಿಯಲ್ಲೇ ಉಳಿದಳು. ಸತ್ತವರು ಎದ್ದು ಬರುವ ಲೋಕದಲ್ಲಿ, ಬೇರೆ ಗ್ರಹಗಳ ಯಂತ್ರಗಳು ಕೈಗೆಟಕುವ ಲೋಕದಲ್ಲಿ, ಗಂಡಸಿನ ಬೆನ್ನಿಗೆ ಮದ್ದು ಸಿಕ್ಕಿ ಹೆಂಗಸಿನ ಬೆನ್ನಿಗೆ ಸಿಗದಿರುವುದು ಯಾವ ನ್ಯಾಯ ಎಂದು ನಾನು ಕೇಳುತ್ತಿದ್ದೆ. ಆ ಪ್ರಶ್ನೆಗೆ ಇಂದಿಗೂ ಬೆಲೆಯಿದೆ ಎಂದು ನಂಬಿದ್ದೇನೆ.

ಪ್ರಕಾಶಕರ ಲೆಕ್ಕಾಚಾರ ಬೇರೆಯೇ ಇತ್ತು. ಕಾಮಿಕ್ಸ್ ಓದದವರಿಗೂ ಬ್ಯಾಟ್‌ಗರ್ಲ್ ಎಂದರೆ ಬಾರ್ಬರಾಳೇ. 1967–68ರ ದೂರದರ್ಶನ ಸರಣಿಯಲ್ಲಿ ನಟಿ ಇವಾನ್ ಕ್ರೇಗ್ ಅವರು ಆ ಪಾತ್ರಕ್ಕೆ ಜೀವ ತುಂಬಿದ್ದರಿಂದ ಹಾಗಾಯಿತು. ಅಂಗಡಿಗಳು ಮಾರಾಟವಾಗದ ಸಂಚಿಕೆಗಳನ್ನು ಹಿಂದಿರುಗಿಸಲಾಗದ ವ್ಯವಸ್ಥೆಯಲ್ಲಿ, ಎಲ್ಲರಿಗೂ ಗೊತ್ತಿರುವ ಹೆಸರು ಮತ್ತು ಒಂದನೆಯ ಸಂಖ್ಯೆ ಮುಖಪುಟದ ಮೇಲಿದ್ದರೆ ಅಂಗಡಿಯವನು ಧೈರ್ಯವಾಗಿ ಹೆಚ್ಚು ಪ್ರತಿ ತರಿಸುತ್ತಾನೆ. ಹೊಸ ಓದುಗ ಬಂದರೆ ಅವನಿಗೆ ನಲವತ್ತು ವರ್ಷಗಳ ಕಥೆ ಹೇಳಬೇಕಾಗುವುದಿಲ್ಲ. ಇದನ್ನು ನಾನು ಸಮರ್ಥಿಸುತ್ತಿಲ್ಲ, ಕಾರಣ ತಿಳಿಸುತ್ತಿದ್ದೇನೆ ಅಷ್ಟೇ.

ನನ್ನ ಮನಸ್ಸು ಬದಲಾದದ್ದು ಇನ್ನೊಂದು ಪಾತ್ರವನ್ನು ನೆನೆದಾಗ. ಉಂಗುರದ ಬಲದಿಂದ ಹೋರಾಡುವ ನಾಯಕ ಗ್ರೀನ್ ಲ್ಯಾಂಟರ್ನ್‌ನ ಹಳೆಯ ಅಭಿಮಾನಿ ನಾನು. 1994ರಲ್ಲಿ ಆ ಸರಣಿಯ 48ರಿಂದ 50ನೆಯ ಸಂಚಿಕೆಯೊಳಗೆ, ಮೂರೇ ಮೂರು ಸಂಚಿಕೆಗಳಲ್ಲಿ, ಆ ಹೆಸರು ಹೊತ್ತಿದ್ದ ಹ್ಯಾಲ್ ಜೋರ್ಡನ್‌ನನ್ನು ಖಳನಾಯಕನನ್ನಾಗಿಸಿ ಅವನ ಉಂಗುರವನ್ನು ಕೈಲ್ ರೇನರ್ ಎಂಬ ಹೊಸಬನಿಗೆ ಕೊಟ್ಟರು. ಮೂರು ದಶಕಗಳ ಕಾಲ ಬೆಳೆದ ವ್ಯಕ್ತಿತ್ವವನ್ನು ಅಷ್ಟು ಅವಸರದಲ್ಲಿ ಮುರಿದದ್ದು ನನಗೆ ಮನೆಯವರನ್ನೇ ಕಳೆದುಕೊಂಡಷ್ಟು ನೋವು ಕೊಟ್ಟಿತು. ಹತ್ತು ವರ್ಷ ಕಾದೆ. 2004ರಲ್ಲಿ ಜೆಫ್ ಜಾನ್ಸ್ ಹ್ಯಾಲ್‌ನನ್ನು ಮರಳಿ ತಂದರು. ಆದರೆ ಹಾಗೆ ತರುವಾಗ ಅವರು ಕೈಲ್‌ನನ್ನು ಅಳಿಸಲಿಲ್ಲ. ಅವನ ಹತ್ತು ವರ್ಷ ಅವನಲ್ಲೇ ಉಳಿಯಿತು, ಹ್ಯಾಲ್‌ನ ಮರಳುವಿಕೆಯಲ್ಲಿ ಅವನಿಗೂ ಪಾಲಿತ್ತು. ನನ್ನ ನಾಯಕ ಮರಳಿದ ಸಂತೋಷಕ್ಕೆ ಇನ್ನೊಬ್ಬ ಓದುಗನ ನಾಯಕ ಬೆಲೆ ತೆರಬೇಕಾಗಲಿಲ್ಲ. ಬಾರ್ಬರಾಳಿಗೂ ಹಾಗೆ ಮಾಡಬಹುದಿತ್ತು. ಒರಾಕಲ್ ಆಗಿ 22 ವರ್ಷ ಬಾಳಿದವಳು ತಾನೇ ಆಲೋಚಿಸಿ, ತಾನೇ ಆರಿಸಿಕೊಂಡು, ಗೋಪುರದಿಂದ ಇಳಿದು ಬರುವ ಕಥೆಯನ್ನು ಬರೆಯಬಹುದಿತ್ತು. ಅದನ್ನು ಬರೆಯದೆ, ಕ್ಯಾಲೆಂಡರ್‌ನಿಂದ ಹಾಳೆಗಳನ್ನು ಹರಿದರು. ನಿಮ್ಮ ದೂರಿನ ತಿರುಳು ಇದೇ ಎಂದು ನನಗನಿಸುತ್ತದೆ, ಮತ್ತು ಅಲ್ಲಿ ನಾನು ನಿಮ್ಮ ಜೊತೆಗಿದ್ದೇನೆ.

ನಾಲ್ಕುಗಾಲಿ (ಉತ್ತರ)

ಹತ್ತೊಂಬತ್ತನೆಯ ವಯಸ್ಸಿನಲ್ಲಿ ಬೆನ್ನುಹುರಿಗೆ ಪೆಟ್ಟು ಬಿದ್ದು ಗಾಲಿಕುರ್ಚಿ ಬಳಸತೊಡಗಿದವನು ನಾನು. ಈ ವಿಷಯದಲ್ಲಿ ನನ್ನಂಥವರ ಪರವಾಗಿ ಮಾತನಾಡುವವರು ಹಲವರಿದ್ದಾರೆ, ಅವರ ಕಾಳಜಿಗೆ ನಾನು ಕೃತಜ್ಞ. ಆದರೆ ನನ್ನ ಅನಿಸಿಕೆ ಪ್ರಶ್ನೆ ಕೇಳಿದವರ ಅನಿಸಿಕೆಗಿಂತ ಸ್ವಲ್ಪ ಬೇರೆ.

ಮೊದಲನೆಯದಾಗಿ, ಬಾರ್ಬರಾ ಎದ್ದು ನಡೆದದ್ದು ನನಗೆ ಅವಮಾನ ಎನಿಸಲಿಲ್ಲ. ಅಂಥ ಚಿಕಿತ್ಸೆ ನಿಜವಾಗಿ ಬಂದರೆ ನಾನು ನಾಳೆಯೇ ಸಾಲಿನಲ್ಲಿ ನಿಲ್ಲುತ್ತೇನೆ. ಓದುಗರಿಗೆ ಸ್ಫೂರ್ತಿಯಾಗಬೇಕೆಂಬ ಕಾರಣಕ್ಕೆ ಒಬ್ಬಳು ಸದಾ ಕುರ್ಚಿಯಲ್ಲೇ ಇರಬೇಕು ಎಂದು ಬಯಸುವುದು ನನಗೆ ಹಿತವೆನಿಸುವುದಿಲ್ಲ. ನಾನು ಯಾರಿಗೂ ಸ್ಫೂರ್ತಿಯಾಗಲು ಬದುಕುತ್ತಿಲ್ಲ.

2011ರ ‘ಬ್ಯಾಟ್‌ಗರ್ಲ್’ ಬಗ್ಗೆಯೂ ನ್ಯಾಯವಾಗಿ ಮಾತನಾಡಬೇಕು. ಅದನ್ನು ಬರೆದವರು ಗೇಲ್ ಸಿಮೋನ್ ಅವರೇ. ಒರಾಕಲ್‌ಳನ್ನು ಅಷ್ಟು ಪ್ರೀತಿಯಿಂದ ಬೆಳೆಸಿದವರು, ಅದಕ್ಕೂ ಮೊದಲು ಇಂಥ ಬದಲಾವಣೆಯನ್ನು ವಿರೋಧಿಸಿದ್ದವರು. ಅವರು ಚಿಕಿತ್ಸೆಯನ್ನು ಸುಖಾಂತ್ಯವಾಗಿ ಬರೆಯಲಿಲ್ಲ. ಮೊದಲ ಸಂಚಿಕೆಯ ಖಳನಾಯಕ ಮಿರರ್, ಸಾವಿನ ಬಾಯಿಯಿಂದ ಪವಾಡದಂತೆ ಪಾರಾದವರನ್ನೇ ಹುಡುಕಿ ಕೊಲ್ಲುವವನು. ಅವನ ಪಟ್ಟಿಯಲ್ಲಿ ಬಾರ್ಬರಾಳ ಹೆಸರೂ ಇದೆ. ಅವನು ಬಂದೂಕನ್ನು ಅವಳತ್ತ ಗುರಿಯಿಟ್ಟಾಗ ಅವಳು ಕದಲಲಾರದೆ ನಿಂತುಬಿಡುತ್ತಾಳೆ, ಆ ಒಂದು ಗಳಿಗೆಗೆ ಇನ್ನೊಬ್ಬರ ಜೀವ ಬೆಲೆಯಾಗುತ್ತದೆ. ಎಷ್ಟೋ ಜನರಿಗೆ ಸಿಗದ ಗುಣ ತನಗೇಕೆ ಸಿಕ್ಕಿತು ಎಂಬ ಪ್ರಶ್ನೆ ಅವಳನ್ನು ಬಿಡದೆ ಕಾಡುತ್ತದೆ. ಆಸ್ಪತ್ರೆಯ ವಾರ್ಡಿನಲ್ಲಿ ಪಕ್ಕದ ಹಾಸಿಗೆಯವನ ಕಾಲ್ಬೆರಳು ಅಲುಗಿ ನನ್ನದು ಅಲುಗದಿದ್ದಾಗ, ಅವನು ನನ್ನ ಮುಖ ನೋಡಲಾಗದೆ ಗೋಡೆಯತ್ತ ತಿರುಗಿ ಮಲಗಿದ್ದ. ಆ ಸರಣಿಯ ಬಾರ್ಬರಾ ಗೋಡೆಯತ್ತ ತಿರುಗಿದ ಆ ಹುಡುಗನ ಹಾಗಿದ್ದಾಳೆ. ಅವನ ಮನಸ್ಸಿನಲ್ಲಿ ಏನಿತ್ತೆಂದು ನನಗೆ ತಿಳಿಸಿಕೊಟ್ಟದ್ದು ಆ ಪುಟಗಳು.

ಹಾಗಾದರೆ ನನಗೆ ನೋವಾದದ್ದು ಎಲ್ಲಿ? ‘ಮೂರು ವರ್ಷ’ ಎಂಬ ಮಾತಿನಲ್ಲಿ.

ಈ ಪೆಟ್ಟಿನ ನಂತರದ ಮೂರು ವರ್ಷ ಹೇಗಿರುತ್ತದೆಂದು ನಾನು ಬಲ್ಲೆ. ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ ಯಾರ ಕೈಯನ್ನೂ ಹಿಡಿಯದೆ ಹೋಗುವುದನ್ನು ಕಲಿಯಬೇಕು. ಕುಳಿತಲ್ಲೇ ಕುಳಿತು ಹುಣ್ಣಾಗದಂತೆ ಆಗಾಗ ಭಾರ ಬದಲಿಸುವುದನ್ನು ನಿದ್ದೆಗಣ್ಣಿನಲ್ಲೂ ಮರೆಯದಷ್ಟು ರೂಢಿ ಮಾಡಿಕೊಳ್ಳಬೇಕು. ಬಿದ್ದರೆ ಹೇಗೆ ಬೀಳಬೇಕೆಂಬುದನ್ನೂ ಕಲಿಯಬೇಕು. ಇಷ್ಟೆಲ್ಲ ಆಗಿ, ಕೋಪ ತಣಿದು, ಕುರ್ಚಿಯನ್ನು ಮರೆತು ಬೇರೆ ಯಾವುದೋ ವಿಷಯದ ಬಗ್ಗೆ ಇಡೀ ದಿನ ಯೋಚಿಸುವ ಹೊತ್ತಿಗೆ ನನಗೆ ಮೂರು ವರ್ಷ ದಾಟಿತ್ತು. ನನ್ನ ನಿಜವಾದ ಬದುಕು, ಅಂದರೆ ಕೆಲಸ, ಮದುವೆ, ಜಗಳ, ಜವಾಬ್ದಾರಿ, ಎಲ್ಲವೂ ಆಮೇಲೆ ಬಂದದ್ದು. ಒರಾಕಲ್‌ಳ 22 ವರ್ಷದಲ್ಲಿ ಆ ‘ಆಮೇಲೆ’ ಇತ್ತು. ಅವಳು ಗಾಲಿಕುರ್ಚಿಯಲ್ಲಿ ಕುಳಿತು ಸಿಟ್ಟಾಗುತ್ತಿದ್ದಳು, ಪ್ರೀತಿಸುತ್ತಿದ್ದಳು, ತಂಡವನ್ನು ಗದರಿಸುತ್ತಿದ್ದಳು, ತಪ್ಪು ಮಾಡುತ್ತಿದ್ದಳು; ಕುರ್ಚಿಯ ಬಗ್ಗೆ ಒಂದು ಮಾತೂ ಇಲ್ಲದೆ ಸಂಚಿಕೆಗಳೇ ಮುಗಿಯುತ್ತಿದ್ದವು. ಅದನ್ನು ಮೂರು ವರ್ಷಕ್ಕೆ ಇಳಿಸಿದಾಗ ಗಾಲಿಕುರ್ಚಿಯ ಬದುಕು ಬರಿಯ ಕಾಯುವ ಕೋಣೆಯಾಯಿತು. ಆ ಮೂರು ವರ್ಷಗಳಲ್ಲಿ ಅವಳು ಒರಾಕಲ್ ಆಗಿದ್ದಳೇ ಇಲ್ಲವೇ ಎಂಬುದನ್ನೇ ಹೊಸ ಕಥೆ ಬಹುಕಾಲ ಸ್ಪಷ್ಟಪಡಿಸಲಿಲ್ಲ.

2014ರಲ್ಲಿ 35ನೆಯ ಸಂಚಿಕೆಯಿಂದ ಕ್ಯಾಮರಾನ್ ಸ್ಟೀವರ್ಟ್, ಬ್ರೆಂಡನ್ ಫ್ಲೆಚರ್, ಬ್ಯಾಬ್ಸ್ ಟಾರ್ ಸೇರಿ ಈ ಸರಣಿಗೆ ಹೊಸ ರೂಪ ಕೊಟ್ಟರು. ಬಣ್ಣ ತುಂಬಿದ, ಉತ್ಸಾಹದ, ವಿದ್ಯಾರ್ಥಿನಿಯ ಕಥೆ. ನನಗೆ ಹಿಡಿಸಿತು. ಆದರೆ ಅದರ ಮೊದಲ ದೊಡ್ಡ ಕಥೆಯ ಕೊನೆಯಲ್ಲಿ ಬಾರ್ಬರಾಳ ಎದುರಾಳಿಯಾಗಿ ಬರುವುದು ಕಂಪ್ಯೂಟರ್‌ನಲ್ಲಿ ಉಳಿದಿದ್ದ ಅವಳದೇ ಮನಸ್ಸಿನ ಹಳೆಯ ಪ್ರತಿ. ನೋವು ತಿಂದ ಕಾಲದ ಬಾರ್ಬರಾಳನ್ನು ಈಗಿನ ಬಾರ್ಬರಾ ಸೋಲಿಸಿ ಮುಂದೆ ಹೋಗುತ್ತಾಳೆ. ಬರೆದವರ ಉದ್ದೇಶ ಒಳ್ಳೆಯದೇ ಇದ್ದೀತು. ಓದುತ್ತಿದ್ದ ನಾನು ಮಾತ್ರ ಸೋತವಳ ಕಡೆಗಿದ್ದೆ.

ಇನ್ನೊಂದು ಸಂಗತಿಯನ್ನು ಗಮನಿಸಿ. ಅದೇ ಸರಣಿಯಲ್ಲಿ ಫ್ರ್ಯಾಂಕಿ ಎಂಬ ಗೆಳತಿಯೊಬ್ಬಳು ಬರುತ್ತಾಳೆ. ಸ್ನಾಯುಗಳು ಕ್ಷೀಣಿಸುವ ಕಾಯಿಲೆಯಿಂದ ಊರುಗೋಲು ಬಳಸುವವಳು, ಕಂಪ್ಯೂಟರ್‌ನಲ್ಲಿ ನಿಪುಣೆ. ಮೆಲ್ಲಮೆಲ್ಲನೆ ಅವಳೇ ಬ್ಯಾಟ್‌ಗರ್ಲ್‌ನ ಕಿವಿಯಲ್ಲಿ ಕೇಳುವ ದನಿಯಾಗುತ್ತಾಳೆ. ಒರಾಕಲ್‌ಳನ್ನು ತೆಗೆದ ಜಾಗ ಖಾಲಿ ಉಳಿಯಲಿಲ್ಲ; ಕಥೆಗೇ ಅವಳು ಬೇಕಾಗಿದ್ದಳು.

ನೇರಳೆಮುಸುಕು (ಉತ್ತರ)

ಈ ಚರ್ಚೆಯಲ್ಲಿ ಇನ್ನಿಬ್ಬರ ಹೆಸರು ಬರದಿರುವುದು ನನಗೆ ಸಂಕಟ ತಂದಿತು. 2011ರ ಬದಲಾವಣೆಗೆ ಬೆಲೆ ತೆತ್ತವಳು ಒರಾಕಲ್ ಒಬ್ಬಳೇ ಅಲ್ಲ. ಬಾರ್ಬರಾ ಗೋಪುರದಲ್ಲಿದ್ದ ಕಾಲದಲ್ಲಿ ಬ್ಯಾಟ್‌ಗರ್ಲ್ ಎಂಬ ಹೆಸರು ಖಾಲಿ ಬಿದ್ದಿರಲಿಲ್ಲ. 1999ರಲ್ಲಿ ಬಂದ ಕಸ್ಸಾಂಡ್ರಾ ಕೇನ್, ಮಾತನ್ನೇ ಕಲಿಸದೆ ಕೊಲೆಗಾತಿಯಾಗಿ ಬೆಳೆಸಲ್ಪಟ್ಟು ಅದನ್ನು ಧಿಕ್ಕರಿಸಿ ಓಡಿಬಂದ ಹುಡುಗಿ, 73 ಸಂಚಿಕೆಗಳ ಕಾಲ ಆ ಹೆಸರನ್ನು ಹೊತ್ತಳು. ಅವಳ ನಂತರ 2009ರಿಂದ 24 ಸಂಚಿಕೆಗಳಲ್ಲಿ ಸ್ಟೆಫನಿ ಬ್ರೌನ್ ಬ್ಯಾಟ್‌ಗರ್ಲ್ ಆದಳು. ಬ್ರಯಾನ್ ಕ್ಯೂ. ಮಿಲ್ಲರ್ ಬರೆದ ಆ ಸರಣಿಯಲ್ಲಿ ಬಾರ್ಬರಾ ಅವಳಿಗೆ ಗುರು. ಮೊದಮೊದಲು ಹುಡುಗಿಯನ್ನು ನಂಬದ ಗುರು ಕ್ರಮೇಣ ಅವಳಲ್ಲಿ ತನ್ನ ಹಳೆಯ ಚೈತನ್ಯವನ್ನು ಕಾಣುವ ರೀತಿ ನನಗೆ ‘ಬರ್ಡ್ಸ್ ಆಫ್ ಪ್ರೇ’ಯಷ್ಟೇ ಪ್ರಿಯ.

ಬಾರ್ಬರಾಳಿಗೆ ಉಡುಪನ್ನು ಮರಳಿಸಿದ ದಿನ ಇವರಿಬ್ಬರೂ ಕಥಾಜಗತ್ತಿನಿಂದಲೇ ಕಾಣೆಯಾದರು. ಸ್ಟೆಫನಿ ಮರಳಿದ್ದು 2014ರಲ್ಲಿ, ಕಸ್ಸಾಂಡ್ರಾ ಅದರ ಮರುವರ್ಷ, ಇಬ್ಬರೂ ಬ್ಯಾಟ್‌ಗರ್ಲ್ ಆಗಿದ್ದ ನೆನಪೇ ಇಲ್ಲದೆ. ಒಬ್ಬ ಹೆಣ್ಣು ಬೆಳೆದು ಮುಂದಿನವಳಿಗೆ ದಾರಿ ಬಿಟ್ಟುಕೊಡುವುದು, ಆ ಮುಂದಿನವಳು ಅವಳನ್ನು ತನ್ನ ಹಿರಿಯಳೆಂದು ಕಾಣುವುದು, ಈ ಸಂಬಂಧವೇ ನನಗೆ ಆ ಕಥೆಗಳಲ್ಲಿ ಎಲ್ಲಕ್ಕಿಂತ ಮುಖ್ಯವಾಗಿತ್ತು. ಹಿರಿಯಳನ್ನು ಮತ್ತೆ ಕಿರಿಯಳನ್ನಾಗಿ ಮಾಡಿದಾಗ ಅವಳ ಹಿಂದೆ ನಿಂತಿದ್ದವರಿಗೆ ನಿಲ್ಲಲು ಜಾಗವೇ ಉಳಿಯಲಿಲ್ಲ.

ಪ್ರಶ್ನೆಯ ಎರಡನೆಯ ಭಾಗಕ್ಕೆ ಉತ್ತರ ಇಲ್ಲೇ ಇದೆ. 2021ರ ಡಿಸೆಂಬರ್‌ನಲ್ಲಿ ಬೆಕಿ ಕ್ಲೂನನ್ ಮತ್ತು ಮೈಕೆಲ್ ಕಾನ್ರಾಡ್ ಬರೆದ ‘ಬ್ಯಾಟ್‌ಗರ್ಲ್ಸ್’ ಆರಂಭವಾಯಿತು. ಹೆಸರಿನ ಬಹುವಚನವನ್ನು ಗಮನಿಸಿ: ಕಸ್ಸಾಂಡ್ರಾ ಮತ್ತು ಸ್ಟೆಫನಿ ಇಬ್ಬರೂ ಬ್ಯಾಟ್‌ಗರ್ಲ್‌ಗಳು, ಬಾರ್ಬರಾ ಅವರಿಗೆ ದಾರಿ ತೋರಿಸುವ ಒರಾಕಲ್. 19 ಸಂಚಿಕೆಗಳಲ್ಲಿ ಮುಗಿದರೂ ಮೂವರೂ ಒಂದೇ ಮನೆಯಲ್ಲಿ ಉಸಿರಾಡುವುದನ್ನು ನೋಡಿದ ತೃಪ್ತಿ ನನಗಿದೆ.

ಗಡಿಯಾರಗೋಪುರ (ಪ್ರತಿಕ್ರಿಯೆ)

ಮೂವರಿಗೂ ವಂದನೆಗಳು. ನಾಲ್ಕುಗಾಲಿಯವರೇ, ನಿಮ್ಮ ಮಾತು ಓದಿದ ಮೇಲೆ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಒರಾಕಲ್ ಗಾಲಿಕುರ್ಚಿಯಲ್ಲೇ ಇರಬೇಕು ಎಂದು ನಾನು ಹಟ ಹಿಡಿದದ್ದರಲ್ಲಿ, ಆ ಕುರ್ಚಿಯಲ್ಲಿ ಕುಳಿತವರಿಗೆ ಅದು ಹೇಗೆ ಕೇಳಿಸುತ್ತದೆ ಎಂಬ ಯೋಚನೆ ಇರಲಿಲ್ಲ. ನಾನು ಪ್ರೀತಿಸಿದ್ದು ಅವಳ ಕೆಲಸವನ್ನು. ಆದರೆ ವಾದಿಸುವಾಗ ಅವಳ ಕುರ್ಚಿಯನ್ನು ಮುಂದಿಟ್ಟೆ. ನಿಮ್ಮ ‘ಆಮೇಲೆ’ ಎಂಬ ಪದವನ್ನು ಬರೆದಿಟ್ಟುಕೊಂಡಿದ್ದೇನೆ. ನಾನು ಕಳೆದುಕೊಂಡದ್ದಕ್ಕೆ ಇಷ್ಟು ವರ್ಷ ನನ್ನಲ್ಲಿ ಹೆಸರಿರಲಿಲ್ಲ.

ಹಳೆಯಸಂಚಿಕೆಯವರೇ, ಬ್ರೂಸ್‌ನ ಬೆನ್ನಿನ ಬಗ್ಗೆ ನಿಮ್ಮ ಪ್ರಶ್ನೆ ನನ್ನನ್ನೂ ಹಿಂದೆ ಕಾಡಿದ್ದಿದೆ. ಅದಕ್ಕೆ ನಾನು ಕಂಡುಕೊಂಡ ಉತ್ತರವಿಷ್ಟೇ: ಬ್ರೂಸ್‌ನ ಪೆಟ್ಟು ಅವನ ಕಥೆಯೊಳಗೆ ಒಂದು ಅಧ್ಯಾಯ, ಅದನ್ನು ದಾಟಿ ಬರುವುದೂ ಅವನ ಕಥೆಯೇ. ಬಾರ್ಬರಾಳ ಪೆಟ್ಟು ಇನ್ನೊಬ್ಬರ ಕಥೆಯೊಳಗಿತ್ತು. ಅವಳಿಗೆ ಗುಣವಾಗುವುದೇ ಆಗಿದ್ದರೆ ಅದು ಅವಳ ಕಥೆಯೊಳಗೆ, ಅವಳ ಆಯ್ಕೆಯಿಂದ, ಪುಟಗಳ ಮೇಲೆ ನಮ್ಮ ಕಣ್ಣೆದುರಿಗೇ ಆಗಬೇಕಿತ್ತು. ನಾವು ಪುಸ್ತಕ ತೆರೆಯುವ ಮೊದಲೇ ಎಲ್ಲವೂ ಮುಗಿದುಹೋಗಿತ್ತು. ಗಾಯವಾದಾಗಲೂ ಅವಳನ್ನು ಯಾರೂ ಕೇಳಲಿಲ್ಲ, ಗುಣವಾದಾಗಲೂ ನಮಗೆ ತೋರಿಸಲಿಲ್ಲ.

‘ಬ್ಯಾಟ್‌ಗರ್ಲ್ಸ್’ ಬಗ್ಗೆ ಒಂದು ಸಂದೇಹ ಉಳಿದಿದೆ. ಅಲ್ಲಿನ ಒರಾಕಲ್ ನಡೆಯುತ್ತಾಳೆಯೇ? ಹಳೆಯ 22 ವರ್ಷದ ನೆನಪು ಅವಳಿಗಿದೆಯೇ?

ನಾಲ್ಕುಗಾಲಿ (ಪ್ರತಿಕ್ರಿಯೆ)

ಹೆಚ್ಚಾಗಿ ನಡೆಯುತ್ತಾಳೆ. ಬೆನ್ನಿನಲ್ಲಿ ಅಳವಡಿಸಿದ ಸಾಧನದ ಬಲದಿಂದ ನಡೆಯುವುದರಿಂದ ದೇಹವನ್ನು ಎಷ್ಟು ದುಡಿಸಬಹುದು ಎಂಬ ಲೆಕ್ಕ ಅವಳಿಗೆ ಯಾವಾಗಲೂ ಇರಬೇಕು. ಅದಕ್ಕಾಗಿಯೇ ಉಡುಪನ್ನು ಕಿರಿಯರಿಗೆ ಬಿಟ್ಟು ಕಂಪ್ಯೂಟರ್‌ಗಳ ಮುಂದೆ ಕುಳಿತಿದ್ದಾಳೆ. ದೇಹದ ಜೊತೆ ದಿನವೂ ಚೌಕಾಶಿ ಮಾಡುವ ಆ ಸ್ಥಿತಿ ನನಗೆ ಸಂಪೂರ್ಣ ಗುಣಕ್ಕಿಂತ ಹೆಚ್ಚು ನಿಜ ಎನಿಸಿತು. ಹಳೆಯ ದಿನಗಳ ನೆನಪು ಅವಳಿಗಿದೆ, ಒರಾಕಲ್ ಎಂಬ ಹೆಸರಿಗೂ ಘನತೆ ಮರಳಿದೆ. ಆದರೆ ಇಂತಿಷ್ಟು ವರ್ಷ ಎಂದು ಎಣಿಸಿ ಯಾರೂ ಹಿಂದಿರುಗಿಸಿಲ್ಲ.

ನೀವು ಓದಲು ಮರಳುವುದಾದರೆ ನೇರವಾಗಿ ಅಲ್ಲಿಗೆ ಹೋಗಬೇಡಿ ಎಂದು ನನ್ನ ಕೋರಿಕೆ. ನೀವು ಮುಚ್ಚಿಟ್ಟ 2011ರ ‘ಬ್ಯಾಟ್‌ಗರ್ಲ್’ನ ಮೊದಲ ನಾಲ್ಕು ಸಂಚಿಕೆಗಳನ್ನು ಮೊದಲು ಓದಿ. ಮಿರರ್‌ನ ಕಥೆ ಅಷ್ಟರಲ್ಲಿ ಮುಗಿಯುತ್ತದೆ. ಬರೆದಾಕೆ ಅದೇ ಗೇಲ್ ಸಿಮೋನ್. ಕೈಗೆ ಬಂದ ತೀರ್ಮಾನ ತಮ್ಮದಲ್ಲದಿದ್ದರೂ ಆ ತೀರ್ಮಾನದೊಳಗೆ ನಿಂತು ಅವರು ಬಾರ್ಬರಾಳ ಪರವಾಗಿ ಎಷ್ಟು ದೂರ ಹೋದರು ಎಂಬುದು ನಿಮಗೆ ಕಾಣಿಸುತ್ತದೆ. ಆಮೇಲೆ ‘ಬ್ಯಾಟ್‌ಗರ್ಲ್ಸ್’ ಒಂದನೆಯ ಸಂಚಿಕೆ.

ಗಡಿಯಾರಗೋಪುರ (ಪ್ರತಿಕ್ರಿಯೆ)

ಹಾಗೆಯೇ ಮಾಡುತ್ತೇನೆ. ಆ ನಾಲ್ಕು ಸಂಚಿಕೆಗಳಿರುವ ಸಂಪುಟ ನಾನು ಕೆಲಸ ಮಾಡುವ ಗ್ರಂಥಾಲಯದಲ್ಲೇ ಇದೆ. ಅದನ್ನು ಕಪಾಟಿನಲ್ಲಿ ಜೋಡಿಸಿದವಳು ನಾನೇ, ಒಮ್ಮೆಯೂ ತೆರೆದು ನೋಡಿರಲಿಲ್ಲ. ಇಂದು ನನ್ನ ಹೆಸರಿಗೆ ಬರೆದುಕೊಂಡು ಮನೆಗೆ ತಂದಿದ್ದೇನೆ.